ಹಬ್ಬದ ರಾತ್ರಿಗೇ ಬರುವ ಕೊಲೆಗಾರ: ಸ್ಲಾಷರ್ ಸಿನಿಮಾಕ್ಕೆ ಹಬ್ಬ ಏಕೆ ಬೇಕು?

2024ರಲ್ಲಿ ನಮ್ಮ ನರಕ ಚತುರ್ದಶಿಯೂ ಅಮೆರಿಕದ ಹ್ಯಾಲೊವೀನ್ ಹಬ್ಬವೂ ಅಕ್ಟೋಬರ್ 31ರಂದೇ ಬಿದ್ದಿದ್ದವು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಹಿಂದಿನ ಸಂಜೆಯೇ ಹಂಡೆಗೆ ಬೂರೆ ನೀರು ತುಂಬಿ, ಬೆಳಗಿನ ಜಾವ ಎಣ್ಣೆ ಸ್ನಾನ ಮುಗಿಸುವ ಹುಡುಗ ಹುಡುಗಿಯರಿಗೆ ಈಗ ಹ್ಯಾಲೊವೀನ್ ಅಪರಿಚಿತವಲ್ಲ. ಬಿಳಿ ಮುಖವಾಡ ತೊಟ್ಟು ಅಡುಗೆಮನೆಯ ಚಾಕು ಹಿಡಿದು ನಿಂತ ಆಕೃತಿಯ ಚಿತ್ರ ಪ್ರತಿ ವರ್ಷ ಆ ಹೊತ್ತಿಗೆ ಅವರ ಮೊಬೈಲಿಗೂ ಬಂದು ಸೇರುತ್ತದೆ. ಆದರೆ ಆ ಸಿನಿಮಾಗಳನ್ನು ನೋಡಿದ ಹಿರಿಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ. ಕೊಲೆಯ ಕಥೆ ಹೇಳುವುದಿದ್ದರೆ ಹೇಳಲಿ, ಅದಕ್ಕೆ ಹಬ್ಬವನ್ನೇಕೆ ಎಳೆದು ತರಬೇಕು? ಈ ಪ್ರಶ್ನೆ ತೋರುವಷ್ಟು ಸರಳವಲ್ಲ. ಈ ಬಗೆಯ ಚಿತ್ರಗಳಲ್ಲಿ ಹಬ್ಬವು ಹಿನ್ನೆಲೆಯ ಅಲಂಕಾರವಾಗಿ ಬರುವುದಿಲ್ಲ, ಕಥೆಯ ಕೀಲುಗಳೆಲ್ಲ ಅದರ ಮೇಲೆಯೇ ನಿಂತಿರುತ್ತವೆ ಎಂಬುದನ್ನು ಒಂದೆರಡು ಚಿತ್ರಗಳನ್ನು ಬಿಡಿಸಿ ನೋಡಿದರೆ ತಿಳಿಯುತ್ತದೆ.

ಮೊದಲು ಸ್ಲಾಷರ್ ಎಂದರೇನೆಂದು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಚಾಕು, ಕೊಡಲಿ, ಗುದ್ದಲಿಯಂಥ ಕೈ ಆಯುಧ ಹಿಡಿದ ಒಬ್ಬ ಮನುಷ್ಯ, ಒಂದು ಸೀಮಿತ ಜಾಗದಲ್ಲಿ, ಒಂದು ರಾತ್ರಿ ಅಥವಾ ಕೆಲವೇ ದಿನಗಳ ಅವಧಿಯಲ್ಲಿ, ಹೆಚ್ಚಾಗಿ ಹರೆಯದವರಾದ ಒಂದು ಗುಂಪಿನವರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತಾ ಬಂದು, ಕೊನೆಗೆ ಉಳಿದ ಒಬ್ಬಳೊಡನೆ ಮುಖಾಮುಖಿಯಾಗುವ ಕಥೆ ಇದು. 1960ರಲ್ಲಿ ಬಂದ ‘ಸೈಕೋ’ ಮತ್ತು ‘ಪೀಪಿಂಗ್ ಟಾಮ್’ ಚಿತ್ರಗಳಲ್ಲಿ ಇದರ ಬೇರುಗಳಿವೆ. ನಮಗೆ ಹೆಚ್ಚು ಪರಿಚಯವಿರುವ ದೆವ್ವದ ಸಿನಿಮಾಕ್ಕೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ದೆವ್ವವನ್ನು ಮಾತನಾಡಿಸಬಹುದು, ಅದರ ಬಯಕೆ ಏನೆಂದು ಕೇಳಬಹುದು, ಬಲ್ಲವರನ್ನು ಕರೆಸಿ ಬಿಡಿಸಬಹುದು. ಸ್ಲಾಷರ್ ಚಿತ್ರದ ಕೊಲೆಗಾರ ರಕ್ತಮಾಂಸದ ಮನುಷ್ಯ, ಆದರೂ ಅವನೊಡನೆ ಯಾವ ಮಾತುಕತೆಯೂ ಸಾಧ್ಯವಿಲ್ಲ.

ಹಬ್ಬ ಈ ಕಥೆಯೊಳಗೆ ಬಂದು ಸೇರಿದ್ದು 1974ರ ಕೆನಡಾದ ಚಿತ್ರ ‘ಬ್ಲ್ಯಾಕ್ ಕ್ರಿಸ್ಮಸ್’ನಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಬಾಬ್ ಕ್ಲಾರ್ಕ್ ನಿರ್ದೇಶಿಸಿದ ಈ ಚಿತ್ರ ನಡೆಯುವುದು ಕಾಲೇಜು ಹುಡುಗಿಯರು ಒಟ್ಟಾಗಿ ವಾಸಿಸುವ ಒಂದು ಹಳೆಯ ದೊಡ್ಡ ಮನೆಯಲ್ಲಿ, ಕ್ರಿಸ್ಮಸ್ ರಜೆ ಶುರುವಾಗುವ ಹೊತ್ತಿಗೆ. ಕೊಲೆಗಾರ ಮೊದಲ ದೃಶ್ಯದಲ್ಲಿಯೇ ಮನೆಯ ಅಟ್ಟವನ್ನು ಹತ್ತಿ ಕುಳಿತಿರುತ್ತಾನೆ. ಅವನ ಕೈಗೆ ಮೊದಲು ಸಿಕ್ಕ ಹುಡುಗಿಯ ಶವವೂ ಅದೇ ಅಟ್ಟದಲ್ಲಿ, ಕಿಟಕಿಯ ಪಕ್ಕದ ತೂಗುಕುರ್ಚಿಯಲ್ಲಿ ಇರುತ್ತದೆ. ಆದರೆ ಮೊದಲಿಗೆ ಅವಳನ್ನು ಯಾರೂ ಹುಡುಕುವುದಿಲ್ಲ. ಗೆಳತಿಯರು ಅವಳು ಊರಿಗೆ ಹೋಗಿರಬೇಕು ಎಂದುಕೊಳ್ಳುತ್ತಾರೆ. ಕರೆದೊಯ್ಯಲು ಬಂದ ತಂದೆಗೆ ಅವಳು ಸಿಗದಿದ್ದಾಗಲೂ ಪೊಲೀಸರು ಮೊದಲಿಗೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಹಬ್ಬದ ರಜೆಯೆಂದರೆ ಪ್ರತಿಯೊಬ್ಬರೂ ಬೇರೆಲ್ಲೋ ಇರಬೇಕಾದ ಕಾಲವಾದ್ದರಿಂದ, ಕಾಣದಿರುವವರ ಬಗ್ಗೆ ಯಾರಿಗೂ ಸಂಶಯ ಹುಟ್ಟುವುದಿಲ್ಲ. ಬೇರೆ ಯಾವ ದಿನವಾದರೂ ಒಂದು ಬೆಳಗಿನೊಳಗೆ ಬಯಲಾಗಬಹುದಾಗಿದ್ದ ಕೊಲೆಯನ್ನು ಕ್ರಿಸ್ಮಸ್ ರಜೆ ಇಡೀ ಸಿನಿಮಾದಷ್ಟು ಕಾಲ ಮುಚ್ಚಿಡುತ್ತದೆ.

ಇದೇ ಚಿತ್ರದ ಇನ್ನೊಂದು ದೃಶ್ಯದಲ್ಲಿ ಮಕ್ಕಳ ಗುಂಪೊಂದು ಬಾಗಿಲಿಗೆ ಬಂದು ಕ್ರಿಸ್ಮಸ್ ಗೀತೆಗಳನ್ನು ಹಾಡುತ್ತದೆ. ನಾಯಕಿ ಬಾಗಿಲಲ್ಲಿ ನಿಂತು ಕೇಳುತ್ತಿರುವಾಗಲೇ ಮಹಡಿಯ ಕೋಣೆಯಲ್ಲಿ ಅವಳ ಗೆಳತಿಯ ಕೊಲೆಯಾಗುತ್ತದೆ. ಕೂಗು ಹಾಡಿನೊಳಗೆ ಮುಳುಗಿಹೋಗುತ್ತದೆ. ಶಬ್ದದ ಮಟ್ಟಿಗೆ ಹಬ್ಬ ಮಾಡುವ ಕೆಲಸ ಇದು. ಪಟಾಕಿ, ಹಾಡು, ಮೆರವಣಿಗೆ, ಧ್ವನಿವರ್ಧಕ ಯಾವುದೇ ಇರಲಿ, ಹಬ್ಬದ ಗದ್ದಲ ನೆರವಿನ ಕೂಗನ್ನು ನುಂಗುತ್ತದೆ. ಮನೆಗೆ ಪದೇ ಪದೇ ಬರುವ ಹೆದರಿಸುವ ಕರೆಗಳನ್ನು ಅಟ್ಟದ ಮೇಲಿರುವವನೇ ಅದೇ ಮನೆಯ ಇನ್ನೊಂದು ದೂರವಾಣಿಯಿಂದ ಮಾಡುತ್ತಿದ್ದಾನೆಂಬುದು ಹುಡುಗಿಯರಿಗೆ ಗೊತ್ತಾಗುವುದು ತೀರಾ ತಡವಾಗಿ. ಅವನು ಯಾರು, ಏಕೆ ಬಂದ ಎಂಬುದನ್ನು ಚಿತ್ರ ಕೊನೆಯವರೆಗೂ ಹೇಳುವುದೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಈ ಮೌನವೇ ಅದರ ದೊಡ್ಡ ಬಲ. ಮುಂದೆ ಬಂದ ಚಿತ್ರಗಳಲ್ಲಿ ಬಹುಪಾಲು ಈ ಧೈರ್ಯ ತೋರಲಿಲ್ಲ.

ನಾಲ್ಕು ವರ್ಷಗಳ ನಂತರ, 1978ರಲ್ಲಿ, ಜಾನ್ ಕಾರ್ಪೆಂಟರ್ ನಿರ್ದೇಶನದ ‘ಹ್ಯಾಲೊವೀನ್’ ಬಂತು. ಮಕ್ಕಳನ್ನು ನೋಡಿಕೊಳ್ಳಲು ಬರುವ ಹುಡುಗಿಯರನ್ನು ಒಬ್ಬ ಬೆನ್ನಟ್ಟುವ ಕಥೆ ಬೇಕೆಂದು ನಿರ್ಮಾಪಕ ಅರ್ವಿನ್ ಯಾಬ್ಲಾನ್ಸ್ ಕೇಳಿದ್ದರು; ಅದನ್ನು ಹ್ಯಾಲೊವೀನ್ ರಾತ್ರಿಗೆ ಕೂರಿಸುವ ಸೂಚನೆಯೂ ಅವರದೇ. ಕಥೆ ಒಂದೇ ರಾತ್ರಿಯಲ್ಲಿ, ಒಂದೆರಡು ಮನೆಗಳೊಳಗೆ ಮುಗಿದರೆ ಖರ್ಚು ಕಡಿಮೆ ಎಂಬ ಲೆಕ್ಕವೂ ಇದರಲ್ಲಿತ್ತು. ಹ್ಯಾಲೊವೀನ್ ರಾತ್ರಿ ಮಕ್ಕಳು ವೇಷ ಧರಿಸಿ, ಮುಖವಾಡ ಹಾಕಿ, ಮನೆಯಿಂದ ಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. ಕೊಡದವರ ಮನೆಯ ಮೇಲೆ ಸಣ್ಣಪುಟ್ಟ ಕೀಟಲೆ ಮಾಡುವುದಕ್ಕೂ ಸಮಾಜ ಕಣ್ಣು ಮುಚ್ಚಿಕೊಂಡು ಒಪ್ಪಿಗೆ ಕೊಟ್ಟಿರುತ್ತದೆ. ಮಲೆನಾಡಿನವರಿಗೆ ಇದು ಹೊಸದೇನಲ್ಲ. ಹಂಡೆಗೆ ನೀರು ತುಂಬುವ ಬೂರೆ ಹಬ್ಬದ ರಾತ್ರಿ ಹಿತ್ತಲಿನ ಸೌತೆಕಾಯಿ, ಎಳನೀರು ಮಾಯವಾದರೆ ಹಲವು ಊರುಗಳಲ್ಲಿ ಅದನ್ನು ಯಾರೂ ಕಳ್ಳತನವೆಂದು ಬಗೆಯುವುದಿಲ್ಲ, ಹುಡುಗರ ಆಟವೆಂದು ಬೈದು ಸುಮ್ಮನಾಗುತ್ತಾರೆ.

ಕಾರ್ಪೆಂಟರ್ ಚಿತ್ರ ಇಂಥ ರಿಯಾಯಿತಿಯನ್ನೇ ಆಯುಧ ಮಾಡಿಕೊಳ್ಳುತ್ತದೆ. ಹದಿನೈದು ವರ್ಷಗಳ ಹಿಂದೆ, ಆರು ವರ್ಷದ ಮಗುವಾಗಿದ್ದಾಗ, ಹ್ಯಾಲೊವೀನ್ ರಾತ್ರಿಯೇ ತನ್ನ ಅಕ್ಕನನ್ನು ಕೊಂದಿದ್ದ ಮೈಕೆಲ್ ಮೈಯರ್ಸ್ ಮಾನಸಿಕ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಊರಿಗೆ ಮರಳುತ್ತಾನೆ. ಅಂಗಡಿಯೊಂದಕ್ಕೆ ಕನ್ನ ಹಾಕಿ ಮುಖವಾಡ, ಹಗ್ಗ ಮತ್ತು ಚಾಕುಗಳನ್ನು ಒಯ್ದಿದ್ದಾನೆ ಎಂಬ ಸುದ್ದಿ ಬಂದರೂ ಊರಿನ ಪೊಲೀಸ್ ಅಧಿಕಾರಿಗೆ ಅದು ಮಕ್ಕಳ ಕೆಲಸದಂತೆ ಕಾಣುತ್ತದೆ. ಹಾಡಹಗಲೇ ಮುಖವಾಡ ತೊಟ್ಟು ನಿಂತವನನ್ನು ನೋಡಿ ಯಾರೂ ಗಾಬರಿಯಾಗುವುದಿಲ್ಲ, ಏಕೆಂದರೆ ಅಂದು ಬೀದಿಯಲ್ಲಿರುವವರಲ್ಲಿ ಅರ್ಧದಷ್ಟು ಜನ ಮುಖವಾಡದಲ್ಲಿಯೇ ಇರುತ್ತಾರೆ. ಅವನು ಬಿಳಿ ಹೊದಿಕೆ ಹೊದ್ದು ದೆವ್ವದ ವೇಷದಲ್ಲಿ ಬಾಗಿಲಲ್ಲಿ ನಿಂತಾಗ, ಒಳಗಿರುವ ಹುಡುಗಿ ತನ್ನ ಗೆಳೆಯನೇ ತಮಾಷೆ ಮಾಡುತ್ತಿದ್ದಾನೆಂದು ನಗುತ್ತಾಳೆ. ಎಲ್ಲಕ್ಕಿಂತ ಕ್ರೂರವಾದ ಕ್ಷಣ ಇನ್ನೂ ಮುಂದಿದೆ: ನಾಯಕಿ ಲಾರಿ ಸ್ಟ್ರೋಡ್ ಜೀವ ಉಳಿಸಿಕೊಳ್ಳಲು ನೆರೆಮನೆಯ ಬಾಗಿಲು ಬಡಿದು ಕಿರುಚಿದಾಗ, ಒಳಗಿನವರು ಜಗಲಿಯ ದೀಪ ಹಾಕಿ, ಇಣುಕಿ ನೋಡಿ, ಮತ್ತೆ ದೀಪ ಆರಿಸಿಬಿಡುತ್ತಾರೆ. ಅವರು ಕೆಟ್ಟವರೇನಲ್ಲ. ಆ ರಾತ್ರಿ ಬಾಗಿಲಲ್ಲಿ ಕಿರುಚುವುದು ಹಬ್ಬದ ವಾಡಿಕೆಯ ಭಾಗ, ಅಷ್ಟೆ.

ಈ ಚಿತ್ರದ ಆರಂಭವನ್ನು ಸಿನಿಮಾ ಕಲಿಯುವವರು ಇಂದಿಗೂ ಬಿಡಿಸಿ ನೋಡುತ್ತಾರೆ. ಕ್ಯಾಮೆರಾ ಕೊಲೆಗಾರನ ಕಣ್ಣಾಗಿ ಮನೆಯ ಸುತ್ತ ಸುಳಿದು, ಒಳಗೆ ಬಂದು, ಚಾಕು ತೆಗೆದುಕೊಂಡು, ಮಹಡಿ ಹತ್ತುತ್ತದೆ. ನೆಲದ ಮೇಲಿದ್ದ ಮುಖವಾಡವನ್ನು ಹಾಕಿಕೊಂಡ ಕೂಡಲೇ ಪರದೆಯೆಲ್ಲ ಕಪ್ಪಾಗಿ ಎರಡು ಕಣ್ಣಿನ ತೂತುಗಳಷ್ಟೇ ಉಳಿಯುತ್ತವೆ. ನೋಡುಗ ಕೊಲೆಯನ್ನು ಕೊಲೆಗಾರನ ಒಳಗಿನಿಂದಲೇ ನೋಡಬೇಕಾಗುತ್ತದೆ. ಆಮೇಲೆ ಯಾರೋ ಮುಖವಾಡ ಕಳಚುತ್ತಾರೆ, ನಿಂತಿರುವುದು ಒಂದು ಪುಟ್ಟ ಹುಡುಗ. ಅಲುಗಾಡದೆ ತೇಲುವಂತೆ ಚಲಿಸುವ ಹೊಸ ಬಗೆಯ ಕ್ಯಾಮೆರಾ ಸಾಧನ ಆ ಹೊತ್ತಿಗೆ ಬಂದಿದ್ದರಿಂದ ಇದು ಸಾಧ್ಯವಾಯಿತು.

ಇನ್ನು ಹಣದ ಮಾತು. ‘ಹ್ಯಾಲೊವೀನ್’ ಚಿತ್ರಕ್ಕೆ ತಗುಲಿದ್ದು ಸುಮಾರು 3 ಲಕ್ಷ ಡಾಲರ್. ಅಮೆರಿಕ ಒಂದರಲ್ಲೇ ಅದು ಗಳಿಸಿದ್ದು ಸುಮಾರು 4.7 ಕೋಟಿ ಡಾಲರ್. ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದಲ್ಲಿ, ಅದೂ ವಸಂತಕಾಲದಲ್ಲಿ. ಕಥೆಯ ಇಲಿನಾಯ್ ರಾಜ್ಯದ ಶರತ್ಕಾಲವನ್ನು ತೋರಿಸಲು ಕಾಗದದ ಎಲೆಗಳಿಗೆ ಬಣ್ಣ ಬಳಿದು ಬೀದಿಯಲ್ಲಿ ಹರಡಿ, ದೃಶ್ಯ ಮುಗಿದ ಮೇಲೆ ಮತ್ತೆ ಗುಡಿಸಿ ತುಂಬಿಟ್ಟುಕೊಂಡು ಮುಂದಿನ ದೃಶ್ಯಕ್ಕೆ ಬಳಸುತ್ತಿದ್ದರು. ಕೊಲೆಗಾರನ ಆ ಪ್ರಸಿದ್ಧ ಮುಖ ಎರಡು ಡಾಲರಿಗಿಂತ ಕಡಿಮೆ ಬೆಲೆಗೆ ಅಂಗಡಿಯಲ್ಲಿ ಸಿಕ್ಕಿದ ನಟ ವಿಲಿಯಂ ಶಾಟ್ನರ್ ಅವರ ಮುಖವಾಡ. ಹುಬ್ಬು ಕಿತ್ತು, ಕಣ್ಣಿನ ತೂತು ದೊಡ್ಡದು ಮಾಡಿ, ಬಿಳಿ ಬಣ್ಣ ಹೊಡೆದರು. ಹಬ್ಬ ಇಲ್ಲಿ ಇನ್ನೊಂದು ಉಪಕಾರವನ್ನೂ ಮಾಡಿತ್ತು: ಹೆಸರಾಂತ ತಾರೆಯರಿಲ್ಲದ ಚಿತ್ರಕ್ಕೆ ಎಲ್ಲರಿಗೂ ಗೊತ್ತಿರುವ ಹೆಸರನ್ನೂ, ಪ್ರತಿ ವರ್ಷ ತಾನಾಗಿ ಬರುವ ಮರುಬಿಡುಗಡೆಯ ನೆಪವನ್ನೂ ಪುಕ್ಕಟೆಯಾಗಿ ಕೊಟ್ಟಿತ್ತು.

ಆಮೇಲೆ ಕ್ಯಾಲೆಂಡರಿನ ಮೇಲೆ ದಾಳಿಯೇ ನಡೆಯಿತೆನ್ನಬೇಕು. 1980ರ ‘ಫ್ರೈಡೇ ದ ಥರ್ಟೀಂತ್’ (ಹದಿಮೂರನೇ ತಾರೀಖಿನ ಶುಕ್ರವಾರ) ಚಿತ್ರದ ನಿರ್ದೇಶಕ ಶಾನ್ ಕನಿಂಗ್‌ಹ್ಯಾಮ್, ಚಿತ್ರಕಥೆ ಪೂರ್ಣವಾಗುವ ಮೊದಲೇ ಆ ಹೆಸರನ್ನು ಪತ್ರಿಕೆಯಲ್ಲಿ ಜಾಹೀರಾತು ಮಾಡಿಬಿಟ್ಟಿದ್ದರು. ಅಂದರೆ ದಿನಾಂಕ ಮೊದಲು ಹುಟ್ಟಿತು, ಕಥೆ ಆಮೇಲೆ. ಹೊಸ ವರ್ಷ, ತಾಯಂದಿರ ದಿನ, ಪ್ರೇಮಿಗಳ ದಿನ, ಹುಟ್ಟುಹಬ್ಬ, ಪದವಿ ಪ್ರದಾನದ ದಿನ ಎಲ್ಲಕ್ಕೂ 1980 ಮತ್ತು 1981ರ ಎರಡೇ ವರ್ಷಗಳಲ್ಲಿ ಒಂದೊಂದು ಕೊಲೆಗಾರನನ್ನು ಹಂಚಲಾಯಿತು. ಇವುಗಳಲ್ಲಿ ಹೆಚ್ಚಿನವು ನೋಡಲೇಬೇಕಾದವೇನಲ್ಲ.

ನೋಡಬೇಕಾದದ್ದು 1981ರ ಕೆನಡಾದ ಚಿತ್ರ ‘ಮೈ ಬ್ಲಡಿ ವ್ಯಾಲೆಂಟೈನ್’. ಹಬ್ಬದ ಸ್ಲಾಷರಿನ ಮೂಲ ತರ್ಕ ಅದರಲ್ಲಿ ಅತ್ಯಂತ ಸ್ವಚ್ಛವಾಗಿದೆ. ಒಂದು ಗಣಿ ಊರು. ಇಪ್ಪತ್ತು ವರ್ಷಗಳ ಹಿಂದೆ ಪ್ರೇಮಿಗಳ ದಿನದ ನೃತ್ಯಕೂಟಕ್ಕೆ ಹೋಗುವ ಆತುರದಲ್ಲಿ ಮೇಲ್ವಿಚಾರಕರು ಗಣಿಯೊಳಗಿನ ಅನಿಲದ ಮಟ್ಟ ಪರೀಕ್ಷಿಸದೆ ಹೊರಟುಬಿಟ್ಟಿದ್ದರು. ಸ್ಫೋಟವಾಗಿ ಕಾರ್ಮಿಕರು ಸತ್ತರು. ಬದುಕಿ ಬಂದ ಒಬ್ಬನೇ ಒಬ್ಬ ಮರುವರ್ಷ ಆ ಮೇಲ್ವಿಚಾರಕರನ್ನು ಕೊಂದು, ಇನ್ನೆಂದೂ ಈ ನೃತ್ಯಕೂಟ ನಡೆಯಕೂಡದೆಂದು ಎಚ್ಚರಿಸಿದ. ಊರು ಇಪ್ಪತ್ತು ವರ್ಷ ಸುಮ್ಮನಿದ್ದು, ಎಲ್ಲ ಮರೆತಾಯಿತೆಂದು ಮತ್ತೆ ಬಣ್ಣದ ಕಾಗದ ಕಟ್ಟಲು ಹೊರಟಾಗ, ಗಣಿ ಕಾರ್ಮಿಕನ ಅನಿಲ ಮುಖವಾಡ ತೊಟ್ಟು ಗುದ್ದಲಿ ಹಿಡಿದ ಆಕೃತಿ ಕಾಣಿಸಿಕೊಳ್ಳುತ್ತದೆ. ಚಿತ್ರೀಕರಣ ನಡೆದದ್ದು ನೋವಾ ಸ್ಕೋಷಿಯಾದ ನಿಜವಾದ ಗಣಿಯಲ್ಲಿ. ಸಿನಿಮಾದವರು ಬರುತ್ತಾರೆಂದು ಊರಿನವರು ಗಣಿಯನ್ನು ತೊಳೆದು ಬಣ್ಣ ಬಳಿದುಬಿಟ್ಟಿದ್ದರಂತೆ. ಅದನ್ನು ಮತ್ತೆ ಕೊಳಕು ಮಾಡಲು ಚಿತ್ರತಂಡ ಹಣ ಸುರಿಯಬೇಕಾಯಿತು.

ವೆರಾ ಡೀಕಾ ಎಂಬ ವಿದ್ವಾಂಸೆ 1990ರಲ್ಲಿ ಈ ಚಿತ್ರಗಳ ಬಗ್ಗೆ ಬರೆದ ಪುಸ್ತಕದಲ್ಲಿ, ಇವೆಲ್ಲವೂ ಎರಡು ಘಟನೆಗಳ ಮೇಲೆ ನಿಂತಿವೆಯೆಂದು ತೋರಿಸಿದರು: ಹಿಂದೆಂದೋ ನಡೆದ ಒಂದು ತಪ್ಪು ಅಥವಾ ನಷ್ಟ, ಮತ್ತು ಅದರ ನೆನಪನ್ನು ಕೆರಳಿಸುವ ಇಂದಿನ ಒಂದು ದಿನ. ಆ ಎರಡನ್ನು ಹೊಲಿಯುವ ದಾರವೇ ಹಬ್ಬ. ಮನುಷ್ಯರು ಮರೆಯಬಹುದು, ತಾರೀಖು ಮರಳಿ ಬರುವುದನ್ನು ತಡೆಯಲಾಗದು. ಅಮೆರಿಕದ ಕೃತಜ್ಞತಾ ಹಬ್ಬದ ಹೆಸರಿನ, ಎಲಿ ರಾತ್ ಅವರ 2023ರ ‘ಥ್ಯಾಂಕ್ಸ್‌ಗಿವಿಂಗ್’ ಕೂಡ ಇದೇ ಅಚ್ಚಿನಲ್ಲಿದೆ. ರಿಯಾಯಿತಿ ಮಾರಾಟದ ರಾತ್ರಿ ದೊಡ್ಡ ಅಂಗಡಿಯೊಂದರ ಬಾಗಿಲಲ್ಲಿ ನೂಕುನುಗ್ಗಲಾಗಿ ಜನ ಸಾಯುತ್ತಾರೆ. ಅಂಗಡಿ ಮಾಲೀಕ ಮರುವರ್ಷವೂ ಅದೇ ಮಾರಾಟಕ್ಕೆ ಸಿದ್ಧನಾಗುತ್ತಾನೆ. ಕೊಲೆಗಾರ ಅಮೆರಿಕಕ್ಕೆ ಬಂದಿಳಿದ ಆರಂಭಕಾಲದ ವಲಸಿಗರ ವೇಷದಲ್ಲಿ ಬರುತ್ತಾನೆ.

ಎಲ್ಲ ಹಬ್ಬಗಳನ್ನೂ ಜನ ಹೀಗೆ ಬಿಟ್ಟುಕೊಡಲಿಲ್ಲ ಎಂಬುದಕ್ಕೆ 1984ರ ‘ಸೈಲೆಂಟ್ ನೈಟ್, ಡೆಡ್ಲಿ ನೈಟ್’ ಸಾಕ್ಷಿ. ಕ್ರಿಸ್ಮಸ್ ತಾತನ ಕೆಂಪು ವೇಷದಲ್ಲಿ ಕೊಡಲಿ ಹಿಡಿದವನ ಜಾಹೀರಾತು ದೂರದರ್ಶನದಲ್ಲಿ ಬಂದಾಗ ಪಾಲಕರು ಚಿತ್ರಮಂದಿರಗಳ ಮುಂದೆ ಪ್ರತಿಭಟಿಸಿದರು. ಸಂಸ್ಥೆ ಮೊದಲು ಜಾಹೀರಾತನ್ನೂ ಕೆಲವೇ ದಿನಗಳಲ್ಲಿ ಚಿತ್ರವನ್ನೂ ಹಿಂದಕ್ಕೆ ಪಡೆಯಿತು. ಹ್ಯಾಲೊವೀನ್ ಹುಟ್ಟಿನಿಂದಲೇ ಭಯದ ಹಬ್ಬ, ಅಲ್ಲಿ ಕೊಲೆಗಾರನಿಗೆ ಜಾಗವಿತ್ತು. ಮಕ್ಕಳು ನಂಬಿ ತೊಡೆಯೇರುವ ತಾತನನ್ನೇ ಕೊಲೆಗಾರನನ್ನಾಗಿ ಮಾಡಿದ್ದು ಜನರಿಗೆ ಬೇರೆಯೇ ಬಗೆಯ ದ್ರೋಹವಾಗಿ ಕಂಡಿತು.

ಕೊನೆಗೆ ಬದುಕುಳಿಯುವ ಹುಡುಗಿಯ ವಿಚಾರವನ್ನು ಚುಟುಕಾಗಿ ಹೇಳಿಬಿಡಬಹುದು. ಅಮೆರಿಕದ ವಿದ್ವಾಂಸೆ ಕ್ಯಾರಲ್ ಕ್ಲೋವರ್ 1987ರ ಪ್ರಬಂಧದಲ್ಲಿ ಇವಳನ್ನು ‘ಫೈನಲ್ ಗರ್ಲ್’ ಎಂದು ಕರೆದರು. ಉಳಿದವರು ಸಂಭ್ರಮದಲ್ಲಿ ಮೈಮರೆತಾಗ ಇವಳೊಬ್ಬಳು ಕೆಲಸ ಮಾಡುತ್ತಿರುತ್ತಾಳೆ, ಮಕ್ಕಳನ್ನು ನೋಡಿಕೊಳ್ಳುತ್ತಿರುತ್ತಾಳೆ, ಆದ್ದರಿಂದ ಸುತ್ತ ಏನು ನಡೆಯುತ್ತಿದೆಯೆಂದು ಇವಳಿಗೇ ಮೊದಲು ಕಾಣುತ್ತದೆ. ಬಯಲಾಟಕ್ಕೆ ಹೊರಟ ಮನೆಯಲ್ಲಿ ಹಿಂದುಳಿದವಳಿಗೇ ಕೊಟ್ಟಿಗೆಯ ಸದ್ದು ಕೇಳಿದಂತೆ, ಹಬ್ಬದ ಹೊರಗಿರುವವಳಿಗೆ ಮಾತ್ರ ಹಬ್ಬದೊಳಗಿನ ಅಪಾಯ ಕಾಣುತ್ತದೆ.

ಈಗ ಈ ಅಚ್ಚನ್ನು ಮಲೆನಾಡಿನ ಮೇಲಿಟ್ಟು ನೋಡೋಣ. ಮೇಲ್ನೋಟಕ್ಕೆ ಎಲ್ಲವೂ ಹೊಂದುತ್ತದೆ. ತೋಟದಂಚಿನ ಒಂಟಿ ಮನೆ, ಮುಂದಿನ ಮನೆಗೆ ಕಾಲು ಮೈಲಿ, ಕೈಕೊಡುವ ಕರೆಂಟು, ಗುಡ್ಡ ಹತ್ತಿದರಷ್ಟೇ ಸಿಗುವ ಸಿಗ್ನಲ್. ಕತ್ತಲಲ್ಲಿ ಬಾಗಿಲಿಗೆ ಬರುವ ಗುಂಪೂ ನಮ್ಮಲ್ಲಿದೆ: ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ ಪಂಟಿಗೆಯವರು ಆರದ ದೀಪ ಹಿಡಿದು ಮನೆಮನೆಗೆ ನಡೆದು, ಮುಚ್ಚಿದ ಬಾಗಿಲ ಮುಂದೆ ನಿಂತು, ಬಾಗಿಲು ತೆರೆಯಿರೆಂದು ಹಾಡುತ್ತಾರೆ. ಮನೆಯವರು ಎದ್ದು ಬಂದು ದೀಪಕ್ಕೆ ಎಣ್ಣೆ ಎರೆಯುತ್ತಾರೆ. ಆದರೆ ಹ್ಯಾಲೊವೀನಿನ ಮುಖವಾಡದ ಎದುರು ಇಲ್ಲಿ ದೀಪವಿದೆ, ಬಂದವರ ಮುಖ ಅದರ ಬೆಳಕಿನಲ್ಲಿಯೇ ಇರುತ್ತದೆ. ಹೆಚ್ಚಿನವರು ಅಕ್ಕಪಕ್ಕದ ಊರಿನವರೇ ಆದ್ದರಿಂದ ದನಿ ಕೇಳಿದರೇ ಗುರುತು ಸಿಗುತ್ತದೆ.

ಭಯ ಹುಟ್ಟಿಸುವ ವೇಷವೂ ಇಲ್ಲದಿಲ್ಲ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಹೋಳಿಯ ರಾತ್ರಿಗಳಲ್ಲಿ ಬೇಡರ ವೇಷ ಕುಣಿಯುತ್ತದೆ. ನವಿಲುಗರಿ ಕಟ್ಟಿ, ಕತ್ತಿ ಗುರಾಣಿ ಹಿಡಿದು ಜನರ ಮೇಲೆ ಎರಗುವಂತೆ ನುಗ್ಗುವ ಬೇಡನನ್ನು ಹಿಂದಿನಿಂದ ಹಗ್ಗ ಕಟ್ಟಿ ಹಿಡಿದಿರುತ್ತಾರೆ. ಹಿಂದೊಮ್ಮೆ ಊರನ್ನು ಪೀಡಿಸಿದವನನ್ನು ಹಿಡಿದು ಮೆರವಣಿಗೆ ಮಾಡಿದ ಕಥೆ ಅದರ ಹಿಂದಿದೆ. ಸ್ಲಾಷರ್ ಚಿತ್ರದ ಊರು ತನ್ನ ಹಳೆಯ ಕೇಡನ್ನು ಮರೆಯಲು ಹೊರಟು ಕೆಡುತ್ತದೆ. ಶಿರಸಿ ತನ್ನ ಹಳೆಯ ಕೇಡನ್ನು ಮತ್ತೆ ಮತ್ತೆ ಬೀದಿಗೆ ತಂದು, ಎಲ್ಲರೂ ನೋಡುವಂತೆ ಕುಣಿಸುತ್ತದೆ. ಊರಿನ ಚೌಡಿಗೆ, ಭೂತನಿಗೆ, ಮನೆಯ ಹಿರಿಯರಿಗೆ ವರ್ಷಕ್ಕೊಮ್ಮೆ ಎಡೆಯಿಡುವ ಪದ್ಧತಿಯದ್ದೂ ಇದೇ ಜಾಡು. ಬಾಕಿ ಉಳಿದ ಲೆಕ್ಕವೇ ಸ್ಲಾಷರಿನ ಬಂಡವಾಳವಾದರೆ, ನಮ್ಮ ಹಬ್ಬಗಳು ಲೆಕ್ಕವನ್ನು ಬಾಕಿ ಉಳಿಯಗೊಡುವುದಿಲ್ಲ.

ಇನ್ನೂ ಪ್ರಾಯೋಗಿಕವಾದ ತೊಡಕೊಂದಿದೆ. ‘ಬ್ಲ್ಯಾಕ್ ಕ್ರಿಸ್ಮಸ್’ಗೆ ಬೇಕಾದದ್ದು ಹಬ್ಬಕ್ಕೆ ಬರಿದಾಗುವ ಮನೆ, ಮಲೆನಾಡಿನ ಮನೆ ಹಬ್ಬಕ್ಕೆ ತುಂಬುತ್ತದೆ. ಬೆಂಗಳೂರಿನಿಂದ ಮಕ್ಕಳು, ಮೊಮ್ಮಕ್ಕಳು, ಅಳಿಯಂದಿರು ಬಂದು ಜಗಲಿಯಿಂದ ಅಟ್ಟದವರೆಗೆ ಚಾಪೆ ಹಾಸಿರುತ್ತಾರೆ, ಅಡಗಿಕೊಳ್ಳಲು ಕೊಲೆಗಾರನಿಗೆ ಮೂಲೆ ಸಿಗುವುದು ಕಷ್ಟ. ಮೇಲಾಗಿ ದೀಪಾವಳಿಯ ಹೊತ್ತಿಗೆ ಅಡಿಕೆ ಕೊಯ್ಲು ಶುರುವಾಗಿರುತ್ತದೆ. ಒಂದು ಚಾಕು ಹಿಡಿದು ಬಂದವನು, ನಡುರಾತ್ರಿಯವರೆಗೆ ಅಂಗಳದಲ್ಲಿ ಸಾಲಾಗಿ ಕುಳಿತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುತ್ತಿರುವ ಹತ್ತು ಹದಿನೈದು ಹೆಂಗಸರನ್ನು ಕಂಡರೆ ಏನು ಮಾಡಿಯಾನು ಎಂದು ಯೋಚಿಸಿದರೆ ನಗು ಬರುತ್ತದೆ.

ಹೀಗಾಗಿ ಮಲೆನಾಡಿನಲ್ಲಿ ಇಂಥ ಚಿತ್ರ ತೆಗೆಯುವವರು ಹಬ್ಬದ ದಿನವನ್ನು ಬಿಟ್ಟು ಅದರ ಮುಂದಿನ ವಾರವನ್ನು ಹಿಡಿಯಬೇಕೆಂದು ನನಗನ್ನಿಸುತ್ತದೆ. ಭಾನುವಾರ ರಾತ್ರಿಯ ಬಸ್ಸು ಹತ್ತಿ ಎಲ್ಲರೂ ಹೊರಟ ಮೇಲೆ, ಹತ್ತಾರು ಜನ ಮಲಗಿದ್ದ ಮನೆಯಲ್ಲಿ ಇಬ್ಬರು ಮುದುಕರಷ್ಟೇ ಉಳಿಯುತ್ತಾರೆ; ತೋಟದ ಮನೆಗಳಲ್ಲಿ ಒಂಟಿಯಾಗಿರುವ ವೃದ್ಧರ ಸುರಕ್ಷತೆ ಈ ಭಾಗದಲ್ಲಿ ಈಗ ಕಥೆಯಲ್ಲ, ನಿತ್ಯದ ಚಿಂತೆ. ಯಾರಾದರೂ ಒಂದು ದಿನ ಫೋನ್ ಎತ್ತದಿದ್ದರೆ ಸಿಗ್ನಲ್ ಇಲ್ಲವೆಂದೇ ಬೆಂಗಳೂರಿನ ಮಕ್ಕಳು ಭಾವಿಸುತ್ತಾರೆ, ಕೆನಡಾದ ಆ ಮನೆಯ ಹುಡುಗಿ ಊರಿಗೆ ಹೋಗಿರಬೇಕೆಂದು ಗೆಳತಿಯರು ಭಾವಿಸಿದ ಹಾಗೆ. ಹರೆಯದವರ ಗುಂಪೇ ಇಲ್ಲದ ಈ ಕಥೆಯಲ್ಲಿ ಕೊನೆಗೆ ಉಳಿಯುವ ಹುಡುಗಿಯ ಪಾತ್ರ ಎಪ್ಪತ್ತು ದಾಟಿದ ಅಜ್ಜಿಗೆ ಬರುತ್ತದೆ. ಇದು ಪ್ರಕಾರದ ನಿಯಮಕ್ಕೆ ಹೊರತೆಂದು ತಳ್ಳಿಹಾಕುವಂತಿಲ್ಲ. 2018ರಲ್ಲಿ ಬಂದ ಹೊಸ ‘ಹ್ಯಾಲೊವೀನ್’ ಚಿತ್ರದಲ್ಲಿ, ಮೊದಲ ಚಿತ್ರದ ಲಾರಿ ಸ್ಟ್ರೋಡ್ ನಲವತ್ತು ವರ್ಷ ಕಳೆದು ಅಜ್ಜಿಯಾಗಿದ್ದಾಳೆ, ಅದೇ ನಟಿ ಜೇಮೀ ಲೀ ಕರ್ಟಿಸ್ ಆ ಪಾತ್ರ ಮಾಡಿದ್ದಾರೆ. ಕಾಡಿನ ನಡುವಿನ ತನ್ನ ಒಂಟಿ ಮನೆಯನ್ನೇ ಆಕೆ ಕೊಲೆಗಾರನಿಗೆ ಬೋನಾಗಿ ಕಟ್ಟಿಕೊಂಡು ಕಾಯುತ್ತಾಳೆ.